ಮಾರ್ಚಿನಲ್ಲಿ ಸಾಯುವ ಕೈ

ಠಪ್ ಅನ್ನಬೇಕಾದ ಚೆಂಡು ಪೊತ್ ಅಂದಿತು, ನಾದಿದ ಹಿಟ್ಟನ್ನು ಹಲಗೆಗೆ ಕುಕ್ಕಿದ ಹಾಗೆ, ಬೇಲಿಗೆ ಒರಗಿ ನಿಂತ ಲೈಲ್ ಬರ್ಡಿಕ್ ತಲೆ ಎತ್ತಲಿಲ್ಲ, ಎತ್ತಿ ನೋಡುವುದೇನು, ಅರ್ಧ ಆಯಸ್ಸು ಬೇಸ್‌ಬಾಲ್ ಕ್ಯಾಚರ್ ಆಗಿ ಕುಕ್ಕರಗಾಲಲ್ಲಿ ಕೂತು ಈಗ ಪಿಚರ್‌ಗಳ ಕೋಚ್ ಆದವನಿಗೆ ಗ್ಲೌಸಿನ ಸದ್ದೇ ಸಾಕು, ಎಸೆದವನು ವೇಡ್ ಟಿಲ್ಲರಿ, ತಂಡದ ಮೊದಲನೇ ಪಿಚರ್, ಎಸೆದದ್ದು ಅವನ ವೇಗದ ಚೆಂಡು — ಇದು ವೇಗವಂತೆ — ಇರಲಿ, ಅವನ ವಿಷಯ ಆಮೇಲೆ, ಮೊದಲು ಉಳಿದ ನಾಲ್ವರು, ಮಧ್ಯಾಹ್ನದ ಆಟಕ್ಕೆ ಮುಂಚೆ ಮ್ಯಾನೇಜರ್ ಹ್ಯಾಂಕ್ ಮರೂಲಿಸ್‌ಗೆ ಐದು ಹೆಸರು ಬೇಕು, ದಿನಕ್ಕೊಬ್ಬರಂತೆ ಸರದಿಯಲ್ಲಿ ಆಟ ಶುರುಮಾಡುವ ಐದು ಕೈಗಳು, ಬೇಸಿಗೆ ಪೂರ್ತಿ ತಂಡವನ್ನು ಹೊತ್ತು ನಡೆಯುವ ಕೈಗಳು, ಹೊರುತ್ತಾವಂತೆ, ತಮ್ಮ ಊಟದ ತಟ್ಟೆ ಹೊತ್ತರೆ ಅದೇ ಹೆಚ್ಚು, ಫೆಬ್ರವರಿಯಲ್ಲಿ ತಾಲೀಮಿಗೆ ಅಂತ ಫ್ಲೋರಿಡಾಕ್ಕೆ ಬಂದಿಳಿದಾಗ ಒಬ್ಬೊಬ್ಬನ ಬಾಯಲ್ಲೂ ಒಂದೇ ಮಾತು, ಕೋಚ್, ನನ್ನ ಮೈ ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ, ಕೋಚ್, ಹೊಸಾದೊಂದು ಎಸೆತ ಕಲ್ತು ಬಂದಿದೀನಿ — ಹಳೇದನ್ನ ಯಾರಿಗೆ ದಾನ ಕೊಟ್ಟೆಯಪ್ಪ, ಅದೊಂದಾದರೂ ನೆಟ್ಟಗೆ ಬರುತ್ತಿತ್ತು. ಲೈಲ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ, ಉಪ್ಪು ತುಟಿಯ ಬಿರುಕಿಗೆ ತಾಗಿ ಚುರ್ರೆಂದಿತು.

ಯೋರ್ವಿನ್ ಮಟೋಸ್, ಡೊಮಿನಿಕನ್ ಹುಡುಗ, ಬೆಂಕಿ ಎಸೆಯುತ್ತಾನೆ, ಒಪ್ಪಿದೆ, ಬೆಂಕಿ ಎಲ್ಲಿ ಬೀಳುತ್ತದೆ ಅನ್ನುವುದು ಮಾತ್ರ ಅವನಿಗೂ ಗೊತ್ತಿಲ್ಲ, ಕ್ಯಾಚರಿಗೆ ಬರಬೇಕಾದ್ದು ಮೊನ್ನೆ ಬೇಲಿ ದಾಟಿ ಹಾಟ್‌ಡಾಗ್ ಮಾರುವವಳ ನೆತ್ತಿಯ ಮೇಲೆ ಹಾದು ಹೋಯಿತು, ಏನೋ ಅದು ಅಂತ ಗದರಿದರೆ ಹಲ್ಲು ಕಿರಿದು, ಕೋಚ್, ಆಯಮ್ಮನೂ ಬ್ಯಾಟ್ ಬೀಸ್ಲಿಲ್ಲ ನೋಡಿ ಅನ್ನುತ್ತಾನೆ, ನಗಬಾರದು ಅಂತ ಹಲ್ಲು ಕಚ್ಚಿದರೂ ನಗು ಬಂದೇ ಬಿಡುತ್ತದೆ, ಅದೇ ಅವನ ಜೊತೆಗಿನ ಕಷ್ಟ — ಆಮೇಲೆ ಎಡಗೈಯ ಡ್ರೂ ಕೆಸ್ಲರ್, ಒಂದು ಚೆಂಡು ಎಸೆಯುವುದು, ಓಡಿ ಹೋಗಿ ಚೆಂಡಿನ ತಿರುವು ಅಳೆಯುವ ಯಂತ್ರದ ಪರದೆ ನೋಡುವುದು, ಕೋಚ್, ಈ ಸಲ ಎರಡು ಅಂಗುಲ ಜಾಸ್ತಿ ತಿರುಗಿದೆ, ಹೌದಪ್ಪ, ತಿರುಗಿ ತಿರುಗಿ ನೆಟ್ಟಗೆ ಬ್ಯಾಟಿನ ಹೊಟ್ಟೆಗೇ ಹೋಯಿತಲ್ಲ, ಅದನ್ನು ಯಂತ್ರ ಹೇಳಲಿಲ್ಲವಾ — ಹ್ಯಾಲ್ವರ್ಸನ್‌ಗೆ ಬೆರಳಲ್ಲಿ ಬೊಕ್ಕೆ, ಉಪ್ಪಿನಕಾಯಿ ರಸದಲ್ಲಿ ಕೈ ಅದ್ದಿಕೊಂಡು ಕೂತಿದ್ದಾನೆ, ಡಾಕ್ಟರು ಹೇಳಿದ್ದಲ್ಲ, ಅವನ ಮಾವ ಹೇಳಿದ್ದು — ಪಾಸ್ಕೊ ಐದನೇ ಸುತ್ತಿನವರೆಗೆ ದೇವದೂತ, ಆಮೇಲೆ ಯಾರೋ ದೀಪ ಆರಿಸಿದ ಹಾಗೆ. ಆಯಿತು, ನಾಲ್ವರು ಮುಗಿದರು. ಈ ನಾಲ್ವರ ಮುಂದೆ ಒಬ್ಬ ವೇಡ್ ನಡೆದರೆ ತಂಡ, ಇಲ್ಲದಿದ್ದರೆ ಸಂತೆ, ಅದಕ್ಕೇ ಹ್ಯಾಂಕ್ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಂದದ್ದು, ಒಂದನೇ ಹೆಸರು ನಾನು ಕೇಳೋದೇ ಇಲ್ಲ ಲೈಲ್, ಅದೇನಿದ್ರೂ ವೇಡ್, ಮಿಕ್ಕಿದ್ದು ಹೇಳು ಸಾಕು.

ಪೊತ್. ಮತ್ತೆ ಪೊತ್. ಕೈ ಸತ್ತಿದೆ ಅಷ್ಟೇ ಕಣೋ ಮುದುಕ, ಅಂತ ವೇಡ್ ಚೆಂಡೆಸೆಯುವ ದಿಬ್ಬದ ಮೇಲಿಂದಲೇ ಕೂಗಿದ, ಮುಖ ಇಷ್ಟು ಸಪ್ಪೆ ಮಾಡ್ಕೋಬೇಡ, ಪ್ರತಿ ಮಾರ್ಚಿನಲ್ಲೂ ಸಾಯುತ್ತೆ, ಏಪ್ರಿಲ್‌ಗೆ ಎದ್ದು ಕೂರುತ್ತೆ, ನೀನೇ ತಾನೆ ಎಲ್ಲರಿಗೂ ಹೇಳ್ಕೊಡೋದು. ಹೇಳಿಕೊಡುವುದು ನಿಜ. ಮಾರ್ಚಿನ ನಡುವಿಗೆ ಎಲ್ಲ ಪಿಚರ್‌ಗಳ ಕೈಯೂ ಸಾಯುತ್ತದೆ, ನೋವಿಲ್ಲ, ಊತವಿಲ್ಲ, ಚೆಂಡಿನಲ್ಲಿ ಜೀವ ಇರುವುದಿಲ್ಲ ಅಷ್ಟೆ, ಆಮೇಲೆ ಒಂದು ದಿನ ತಾನಾಗಿ ಬರುತ್ತದೆ, ಸತ್ತ ಕೈ ಅನ್ನುವ ಮಾತು ಇಲ್ಲಿ ಬಟ್ಟೆ ಒಗೆಯುವವಳಿಗೂ ಗೊತ್ತು, ಪತ್ರಿಕೆಯವರಿಗೂ ಗೊತ್ತು, ಎಲ್ಲರೂ ಕೇಳಿ ತಲೆಯಾಡಿಸಿ ಮುಂದೆ ಹೋಗುತ್ತಾರೆ, ದರಿದ್ರ ಮಾತು, ದೊಡ್ಡ ಕಂಬಳಿ ಇದ್ದ ಹಾಗೆ, ಅಡಿಯಲ್ಲಿ ಏನು ಮಲಗಿದೆ ಅಂತ ಎತ್ತಿ ನೋಡುವವರಿಲ್ಲ, ನೋವಿದೆಯಾ ಅಂತ ಪಿಚರನ್ನು ಯಾರೂ ಕೇಳುವುದಿಲ್ಲ, ಹೇಗಿದೆ ಅಂತಾರೆ, ಚೆನ್ನಾಗಿದೆ ಅಂತಾನೆ, ಮುಗಿಯಿತು, ಮೊಣಕೈ ಕಳಚಿ ಕೆಳಗೆ ಬಿದ್ದರೂ ಎತ್ತಿ ಜೇಬಿಗೆ ಹಾಕಿಕೊಂಡು ಚೆನ್ನಾಗಿದೆ ಅನ್ನುವ ಜಾತಿ ಇದು — ಸತ್ತ ಕೈಯೇ ಇರಬಹುದು, ಹೋದ ವರ್ಷವೂ ಹೀಗೇ ಇತ್ತು, ಆಮೇಲೆ ಎಂಥ ಬೇಸಿಗೆ ಅದು, ಹಿಡಿದವರ ಅಂಗೈ ಕೆಂಪಾಗುತ್ತಿತ್ತು, ಇರಬಹುದು, ಯಾಕಿರಬಾರದು, ನಿನ್ನೆ ಕಂಡದ್ದೊಂದು ಇಲ್ಲದೇ ಇದ್ದಿದ್ದರೆ.

ನಿನ್ನೆ ಆಟಕ್ಕೆ ಮುಂಚೆ ರಾಷ್ಟ್ರಗೀತೆಗೆ ಎಲ್ಲರೂ ಗೆರೆಯ ಮೇಲೆ ಸಾಲಾಗಿ ನಿಂತಿದ್ದರು, ಲೈಲ್‌ನ ಪಕ್ಕಕ್ಕೇ ವೇಡ್, ಎಸೆಯುವ ಬಲಗೈಯಲ್ಲಿ ಟೋಪಿ, ಟೋಪಿ ಎದೆಯ ಮೇಲೆ, ಹಾಡುವ ಶಾಲೆಯ ಹುಡುಗಿ ಎತ್ತರದ ಸ್ವರ ಹತ್ತಲಾಗದೆ ಒದ್ದಾಡಿದಳು, ಹಾಡು ಮುಗಿಯಿತು, ಅಷ್ಟೂ ಜನರ ಟೋಪಿ ತಲೆಗೆ ಹೋಯಿತು, ವೇಡನ ಟೋಪಿ ಎದೆಯ ಹತ್ತಿರವೇ ನಿಂತಿತು, ತಲೆ ಬಗ್ಗಿ ಟೋಪಿಯೊಳಗೆ ಬಂತು. ಅಷ್ಟೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಭಕ್ತಿಯಿಂದ ತಲೆ ಬಗ್ಗಿಸಿರಬಹುದು — ವೇಡ್, ಭಕ್ತಿಯಿಂದ, ಅಮ್ಮನ ಮುಂದೆಯೂ ಬಗ್ಗಿದವನಲ್ಲ — ಬಿಸಿಲಿಗೆ ಕತ್ತು ಹಿಡಿದಿರಬಹುದು, ಟೋಪಿ ಬಿಗಿಯಾಗಿರಬಹುದು, ಲೈಲ್ ರಾತ್ರಿ ಕನ್ನಡಿ ಮುಂದೆ ನಿಂತು ಹಾಗೆ ಟೋಪಿ ಹಾಕಿಕೊಂಡು ನೋಡಿದ, ಹೆಂಡತಿ ಮಾರ್ಲಿಸ್ ಬಾಗಿಲಲ್ಲಿ ನಿಂತು, ಏನ್ರೀ, ಮಂಡೆ ಗಿಂಡೆ ಸರಿ ಇದ್ಯಾ ಅಂದಳು, ಏನೂ ಇಲ್ಲ ಕಣೇ ಅಂದ, ಮೊಣಕೈ ಪೂರ್ತಿ ಮಡಚುವ ಯಾವನೂ ಹಾಗೆ ಟೋಪಿ ಹಾಕಿಕೊಳ್ಳುವುದಿಲ್ಲ, ಎದೆಯಿಂದ ಮೇಲಕ್ಕೆ ಮಡಚಲು ಆಗದವನು ಮಾತ್ರ ತಲೆಯನ್ನೇ ಕೆಳಗೆ ತರುತ್ತಾನೆ.

ಮುದುಕಪ್ಪಾ, ಅಂತ ವೇಡ್ ದಿಬ್ಬ ಇಳಿದು ಬೇಲಿಯ ಹತ್ತಿರ ಬಂದ, ದನಿ ತಗ್ಗಿಸಿ, ಸೀಸನ್ನಿನ ಮೊದಲನೇ ದಿನ ನಂದೇ ತಾನೆ, ಈ ಕೆಲಸಕ್ಕೆ ಬಾರದವರ ಕೈಗೆ ಕೊಡಬೇಡ, ಮೂವತ್ತೈದು ತುಂಬುತ್ತೆ ನಂಗೆ, ಈ ಸಲ ಆಟದಿಂದ ಎತ್ತಿ ಒಳಗೆ ಮಲಗಿಸಿದ್ರೆ ಮತ್ತೆ ಯಾರೂ ಎಬ್ಬಿಸೋಲ್ಲ, ಗೊತ್ತಲ್ಲ ನಿಂಗೆ. ಗೊತ್ತು. ಅದೇ ಗೊತ್ತಿರುವುದು. ಕೈ ಹೇಗಿದೆ ಅಂದ ಲೈಲ್. ಚೆನ್ನಾಗಿದೆ. ನೋವಿದೆಯಾ ಅಂದ ಲೈಲ್, ಕೇಳಬಾರದ್ದನ್ನು ಕೇಳಿಬಿಟ್ಟ, ವೇಡ್ ಒಂದು ಗಳಿಗೆ ಅವನನ್ನೇ ನೋಡಿದ, ಮನೆಯವರೇ ಮೋಸ ಮಾಡಿದ ಹಾಗೆ, ಆಮೇಲೆ ನಕ್ಕ, ಸತ್ತದ್ದಕ್ಕೆ ನೋವೆಲ್ಲಿಂದ ಬರ್ಬೇಕೋ ಅಂದು ದಿಬ್ಬಕ್ಕೆ ವಾಪಸು ಹೋದ, ಥೂ, ಜಾಣ ಮಾತು, ಎಲ್ಲರಿಗೂ ಜಾಣ ಮಾತೇ ಬೇಕು, ಒಬ್ಬನಾದರೂ ಇಲ್ಲಿ ಅಯ್ಯೋ ಅಂತ ಬಾಯಿಬಿಟ್ಟು ಅನ್ನಬಾರದಾ, ಈ ಮೊಂಡನ ಮೊಣಕೈಯನ್ನು ಅವನಿಗಿಂತ ಹೆಚ್ಚಾಗಿ ನಾನು ಯಾಕೆ ಹೊತ್ತು ತಿರುಗಬೇಕು, ಹ್ಯಾಂಕ್‌ಗೆ ಹೂಂ ಅಂದರೆ ಮೊದಲನೇ ದಿನವೇ ದಿಬ್ಬದ ಮೇಲೆ ಹರಿದುಕೊಂಡು ಕೂರುತ್ತಾನೆ, ಊಹೂಂ ಅಂದರೆ ಇವತ್ತೇ ಅವನನ್ನು ಮುಗಿಸಿದವನು ನಾನು, ನಾನು, ಇವನ ಮಗಳ ಮದುವೆಯಲ್ಲಿ ಕುಣಿಯುತ್ತೇನೆ ಅಂತ ಮಾತು ಕೊಟ್ಟವನು.

ಗಾಲ್ಫ್ ಗಾಡಿ ಗುಂಯ್ ಅನ್ನುತ್ತಾ ಬಂದು ನಿಂತಿತು, ಹ್ಯಾಂಕ್ ಇಳಿಯಲೂ ಇಲ್ಲ, ಪತ್ರಿಕೆಯವರು ಡೇರೆ ಕೆಳಗೆ ಕಾಯ್ತಾ ಇದಾರೆ, ಬೇಗ ಹೇಳು, ಮೊದಲು ವೇಡ್, ಆಮೇಲೆ ಯಾರು? ಸದ್ದು ಸ್ವಲ್ಪ ಸಪ್ಪಗಿದೆಯಲ್ಲ, ಸತ್ತ ಕೈ ತಾನೆ? ತಾನೆ ಅಂತ ಕೇಳುವುದೇ ಹೂಂ ಅನ್ನಿಸಿಕೊಳ್ಳುವುದಕ್ಕೆ, ಒಂದು ಹೂಂ ಸಾಕು, ಎಲ್ಲರಿಗೂ ಖುಷಿ, ಬಾಯಲ್ಲಿದ್ದ ಬೀಜ ಗಂಟಲಿಗೆ ಇಳಿಯಿತು, ಅಲ್ಲ ಹ್ಯಾಂಕ್ ಅಂದ ಲೈಲ್, ಮೊಣಕೈ, ಇವತ್ತೇ ಡಾಕ್ಟರ ಹತ್ತಿರ ಕಳಿಸು, ಮೊದಲನೇ ದಿನಕ್ಕೆ ಮಟೋಸ್ ಅಂತ ಹೇಳು. ಹ್ಯಾಂಕ್ ಸ್ಟೇರಿಂಗ್ ಮೇಲೆ ಕೈ ಕುಟ್ಟಿದ, ತಲೆ ಕೆಟ್ಟಿದೆಯಾ ನಿಂಗೆ, ಯಾರು ಹೇಳಿದ್ರು, ಅವನೇ ಹೇಳಿದ್ನಾ? ಅವನು ಹೇಳುವುದಿಲ್ಲ. ಮತ್ತೆ ನಿಂಗೆ ಹೇಗೆ ಗೊತ್ತು? ಹೇಗೆ ಗೊತ್ತು, ಹೇಗೆ ಹೇಳುವುದು, ದಿಬ್ಬದ ಮೇಲೆ ವೇಡ್ ಎಸೆಯುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದಾನೆ, ಕೇಳಿಸಿರಲಾರದು, ಕೇಳಿಸಿದೆ, ಬೆವರು ಒರೆಸಲು ಟೋಪಿ ತೆಗೆದವನು ಅದನ್ನು ಎದೆಯ ಹತ್ತಿರ ಹಿಡಿದು ನಿಂತುಬಿಟ್ಟ, ಲೈಲ್‌ನ ಮೇಲಿಂದ ಕಣ್ಣು ಕೀಳದೆ, ಹಾಕಿಕೋ ಮಾರಾಯ, ಎಲ್ಲರ ಹಾಗೆ ಹಾಕಿಕೋ, ಒಂದೇ ಒಂದು ಸಲ ನನ್ನ ಮಾತು ಸುಳ್ಳು ಮಾಡು, ಕೈ ಎತ್ತು, ಕೈ — ಟೋಪಿ ಎದೆಯ ಹತ್ತಿರವೇ ಇತ್ತು, ತಲೆ ಬಗ್ಗುತ್ತಾ ಬಂತು, ತಲೆ ಬಗ್ಗುತ್ತಾ ಟೋಪಿಯೊಳಗೆ ಬಂತು.