ಮೂರನೆಯ ಡ್ರಾವರಿನ ಸಂದು

ಸಿದ್ದಪ್ಪ ಬಡಿಗೇರ ನನ್ನ ಸಾಗವಾನಿ ಕಪಾಟಿಗೆ ನಾಲ್ಕು ಡ್ರಾವರು ಒಪ್ಪಿಕೊಂಡು, ಮೂರು ಮಾಡಿ ತೀರಿಕೊಂಡ. ಕೊಟ್ಟ ಮಾತಿಗೆ ಅವನು ತಪ್ಪಿದ್ದು ಅದೊಂದೇ ಸಲ. ಖಾನಾಪುರದ ಅವನ ಕಾರ್ಖಾನೆಯಲ್ಲಿ ತಮ್ಮ ಮಾಯಪ್ಪನದು ಪಾಲಿಶ್ ಕೆಲಸ. ಸಂದು ಬಿಟ್ಟಲ್ಲೆಲ್ಲ ಕಟ್ಟಿಗೆಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ತಿಕ್ಕಿ, ಮಿಂಚಿಸುವುದು. ಅಣ್ಣ ಸಂದನ್ನೇ ಬಿಡುವುದಿಲ್ಲ, ನನಗೇನು ಕೆಲಸ ಎಂಬುದು ಮಾಯಪ್ಪನ ಮೂವತ್ತು ವರ್ಷದ ದೂರು.

ನಾಲ್ಕನೆಯದನ್ನು ನಾನೇ ಮಾಡುತ್ತೇನೆ, ಅಣ್ಣನ ಕೈಯದೇ ಅನ್ನಿಸಬೇಕು ಎಂದು ಅವನು ಹಟ ಹಿಡಿದ. ಡ್ರಾವರಿನ ಮೂಲೆಗಳಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲು ಕೊರೆದು, ಒಂದರೊಳಗೊಂದು ಕೂಡಿಸಬೇಕು. ಅದಕ್ಕೆ ಡವ್‌ಟೇಲ್ ಅನ್ನುತ್ತಾರೆ. ಮಾಯಪ್ಪನ ಉಳಿಗೆ ಅದು ಬಗ್ಗದು. ಆದರೆ ಈಗ ಜಿಗ್ ಬಂದಿದೆ: ಬಾಚಣಿಗೆಯಂಥ ಲೋಹದ ಅಚ್ಚು. ಹಲಗೆ ಬಿಗಿದು ಅಚ್ಚಿನಗುಂಟ ಯಂತ್ರ ಓಡಿಸಿದರೆ ಹಲ್ಲು ಬೀಳುತ್ತವೆ. ಅದರ ಪುಸ್ತಿಕೆ ಇಂಗ್ಲಿಷಿನಲ್ಲಿರುತ್ತದೆಂದು, ಸದಾಶಿವನಗರದ ಮನೆಯಿಂದ ನನ್ನನ್ನೂ ಎಬ್ಬಿಸಿಕೊಂಡು ಉಪಕರಣದ ಅಂಗಡಿಗೆ ಹೋದ. ಚೀಲದಲ್ಲಿ ಮೂರೂ ಡ್ರಾವರು.

ಅಂಗಡಿಯ ದಿಗಂಬರ ಸರಕನ್ನು ಮರಾಠಿಯಲ್ಲಿ ಹೊಗಳಿ ಬೆಲೆಯನ್ನು ಕನ್ನಡದಲ್ಲಿ ಹೇಳುವ ಮನುಷ್ಯ. ಎರಡು ಜಿಗ್ ಇಟ್ಟ. ಒಂದರಲ್ಲಿ ಹಲ್ಲೆಲ್ಲ ಒಂದೇ ಅಳತೆ. ಇನ್ನೊಂದರ ಬೆರಳುಗಳನ್ನು ಬೇಕಾದಲ್ಲಿಗೆ ಸರಿಸಬಹುದು. ಹಳೆಯ ಕೆಲಸವನ್ನು ಕೆಳಗಿಟ್ಟು ಹೊಂದಿಸಿದರೆ ಅದರ ನಕಲು ತೆಗೆಯುತ್ತದೆ. ಅಣ್ಣ ಕೊರೆದ ಹಲ್ಲು ನಡುವೆ ದಪ್ಪ, ಅಂಚಿಗೆ ಸಣ್ಣ. ಮಾಯಪ್ಪ ಎರಡನೆಯದರ ಮೇಲೆ ಕೈಯಿಟ್ಟ. ದಿಗಂಬರ ಮೂರೂ ಡ್ರಾವರನ್ನು ಸಾಲಾಗಿಟ್ಟು ಬೆರಳು ಹೊಂದಿಸಲು ಹೋಗಿ, ನಿಂತ.

“ಯಾವುದಕ್ಕ ಕೂಡಸ್ಲಿ? ಮೂರೂ ಬ್ಯಾರೆ ಬ್ಯಾರೆ ಅದಾವಲ್ರಿ. ಈ ಕಡೀದು ಯಾರರೆ ಹೊಸಬರು ಮಾಡ್ಯಾರೇನು?”

ಮೂರೂ ಅಣ್ಣನವೇ ಎಂದ ಮಾಯಪ್ಪ. ಮೊದಲನೆಯದು ಯುಗಾದಿಗೆ ಮುಗಿದದ್ದು. ಕೂದಲು ತೂರುವಷ್ಟೂ ಸಂದಿಲ್ಲ. ಕಾರಹುಣ್ಣಿಮೆಗೆ ಮುಗಿದ ಎರಡನೆಯದರಲ್ಲಿ ಹಲ್ಲು ತುಸು ಎಡಕ್ಕೆ ವಾಲಿದ್ದವು. ನಾಗರಪಂಚಮಿಯ ಮೂರನೆಯದರಲ್ಲಿ ವಾಲಿದ್ದಷ್ಟೇ ಅಲ್ಲ, ಹಲ್ಲುಹಲ್ಲಿನ ನಡುವೆ ಪುಡಿ ತುಂಬಿದ ಗೆರೆಗಳು. ಅದನ್ನು ಕಾರ್ಖಾನೆಯಲ್ಲಿ ನೋಡಿ ನಾನು ಪಾಲಿಶ್ ಹೊಗಳಿ ಬಂದಿದ್ದೆ. ಗಣಪತಿ ಹಬ್ಬದ ಮರುದಿನ ಸಿದ್ದಪ್ಪನ ಬಲಗೈ ಸ್ವಾಧೀನ ತಪ್ಪಿ ಬಿದ್ದುಹೋಯಿತು. ತಲೆಯೊಳಗೆ ಗಡ್ಡೆ, ತಿಂಗಳುಗಟ್ಟಲೆ ಬೆಳೆದದ್ದು ಎಂದಿದ್ದರು ಡಾಕ್ಟರು.

ಮಾಯಪ್ಪ ಮೂರನೆಯದರ ಗೆರೆಯ ಮೇಲೆ ಉಗುರೆಳೆದ.

“ಇದನ್ನ ತುಂಬಿದಾಂವ ನಾನ ರೀ. ಕಣ್ಣಿಗೆ ಚಾಳೀಸ ಹಾಕ್ಕೋ ಮುದುಕಾ, ನಿನ್ನ ಹಲ್ಲು ಉದುರಾಕ ಹತ್ಯಾವು ಅಂತ ಚಾಷ್ಟಿ ಮಾಡಿದೆ. ಮುಚ್ಚಾಕ ನೀ ಅದಿಯಲ್ಲೋ ಅಂದು ನಕ್ಕ. ನನಗೂ ಖುಷಿ ಆತ್ರಿ, ಕಡೀಕೂ ನನಗೊಂದು ಕೆಲಸ ಸಿಕ್ತು ಅಂತ.”

ದಿಗಂಬರ ಚಹಾ ತರಿಸುತ್ತೇನೆಂದ. ಮಾಯಪ್ಪ ಕೈಯಾಡಿಸಿ ಬೇಡವೆಂದ.

“ಡಾಕ್ಟ್ರು ಕೇಳಿದ್ರು, ಕೈ ಯಾವಾಗಿಂದ ಸೋಲ್ತಿತ್ತು ಅಂತ. ನಿನ್ನಿಯಿಂದ ಅಂದೆ. ಖರೇನ ಹಂಗ ತಿಳಿದಿದ್ದೆ.”

ಏನಾದರೂ ಹೇಳಬೇಕಿತ್ತು. ಇಷ್ಟು ಪುಸ್ತಕ ಓದಿದ ನನಗೆ ಜಿಗ್ಗಿನ ಪುಸ್ತಿಕೆಯೊಂದೇ ಕೈಗೆ ಸಿಕ್ಕಿತು. ಬೆರಳುಗಳನ್ನು ಮೊದಲನೆಯ ಡ್ರಾವರಿಗೆ ಹೊಂದಿಸಬಹುದು, ಯಾರಿಗೂ ಗೊತ್ತಾಗದು ಎಂದೆ.

“ಗೊತ್ತಾಗ್ಲಿ ಬಿಡ್ರಿ,” ಎಂದ ಮಾಯಪ್ಪ. “ನಾಕನೇದು ಮಾಡಾಕ ಅಂವ ಇರಲಿಲ್ಲ ಅಂತ ಕಾಣ್ಲಿ.” ಬೆರಳು ಸರಿಯುವ ಜಿಗ್ಗನ್ನು ಹಿಂದಕ್ಕೆ ನೂಕಿ, ಎಲ್ಲ ಹಲ್ಲೂ ಒಂದೇ ಅಳತೆಯದನ್ನು ಕಟ್ಟಿಸಿಕೊಂಡ. ದುಬಾರಿಯದನ್ನು ದಿಗಂಬರ ತಾನೇ ಎತ್ತಿ ಒಳಗಿಟ್ಟ.

ಹದಿನೈದು ದಿನಕ್ಕೆ ಕಪಾಟು ಮನೆಗೆ ಬಂತು. ನಾಲ್ಕನೆಯ ಡ್ರಾವರಿನ ಹಲ್ಲು ಶಾಲೆಯ ಹುಡುಗರ ಕವಾಯತಿನಂತೆ ಸಮನಾಗಿ ನಿಂತಿದ್ದವು. ಅಳುಕದೆ, ಸ್ವಲ್ಪ ಪೆದ್ದಾಗಿ. ಮೂರನೆಯದನ್ನು ಎಳೆದೆ. ತಾನು ತುಂಬಿದ್ದ ಪುಡಿಯನ್ನೆಲ್ಲ ಮಾಯಪ್ಪ ಉಳಿಯ ಮೊನೆಯಿಂದ ಕೆದಕಿ ತೆಗೆದಿದ್ದ. ಸಂದುಗಳು ಬಾಯಿ ತೆರೆದಿದ್ದವು. ಅಷ್ಟು ಜಾಗಕ್ಕೆ ಪಾಲಿಶ್ ಕೂಡ ಹಚ್ಚಿರಲಿಲ್ಲ.