ಅರ್ಧ ಸಾಲು ಮುಂದೆ

ಶ್ರಾವಣದ ಒಂದು ಭಾನುವಾರ ಸಂಜೆ, ಅಜ್ಜಂಪುರದ ಈಶ್ವರನ ಗುಡಿಯಲ್ಲಿ, ನೂರು ಜನರ ಎದುರಿಗೆ ಸಾವಿತ್ರಮ್ಮ ತಮ್ಮ ಫೋನಿನ ಮಾತನ್ನು ಮೋಹನ ರಾಗದಲ್ಲಿ ಹಾಡಿಬಿಟ್ಟರು.

ಸಾವಿತ್ರಮ್ಮ ರಿಟೈರಾದ ಕನ್ನಡ ಟೀಚರು. ಆರು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಗಿದ್ದವು. ಹೋದರೂ ಶ್ರಾವಣದ ಪುರಾಣ ಬಿಟ್ಟವರಲ್ಲ. ಷಟ್ಪದಿಗಳನ್ನು ಅವರು ರಾಗವಾಗಿ ಹಾಡುವುದು, ಪಕ್ಕದಲ್ಲಿ ಕೂತ ರುದ್ರಮೂರ್ತಿ ಮೇಷ್ಟ್ರು ಅರ್ಥ ಹೇಳುವುದು. ಟೀಚರಮ್ಮನಿಗೆ ಇಡೀ ಪುರಾಣ ಬಾಯಿಪಾಠ ಅಂತ ಊರಿನ ನಂಬಿಕೆ. ಮೇಷ್ಟ್ರು ದಿನಾ ಶುರುವಿಗೆ ಆ ಜ್ಞಾಪಕಶಕ್ತಿಯನ್ನೇ ಹೊಗಳುತ್ತಿದ್ದರು.

ನಿಜ ಗೊತ್ತಿದ್ದದ್ದು ಸೊಸೆ ಅಶ್ವಿನಿಗೆ ಮಾತ್ರ. ಸೆರಗಿನ ಮರೆಯಲ್ಲಿ, ಬಲಗಿವಿಯೊಳಗೆ ಕಡಲೆಕಾಳಿನಷ್ಟು ಇಯರ್‌ಫೋನು, ಮಡಿಲಲ್ಲಿ ಫೋನು. ಬೆರಳು ತಟ್ಟಿದರೆ ಪುಸ್ತಕ ಓದುವ ಆ್ಯಪ್ ಅರ್ಧ ಸಾಲು ಹೇಳುತ್ತಿತ್ತು, ಅವರು ಅದರ ಹಿಂದೆಯೇ ಹಾಡಿಕೊಂಡು ಹೋಗುತ್ತಿದ್ದರು. ಫೋನಿನ ದನಿಗೆ ರಾಗವಿಲ್ಲ, ಭಾವವಿಲ್ಲ. ಒಣ ಸೌದೆ ಜೋಡಿಸಿದ ಹಾಗೆ ಅಕ್ಷರ ಜೋಡಿಸುತ್ತಿತ್ತು. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ. ಬೆಂಕಿ ಹಚ್ಚುವುದು ಅವರ ಕೆಲಸ.

ಅವತ್ತಿನ ಕಥೆಯಲ್ಲಿ ಜಂಗಮನೊಬ್ಬ ಬಡ ಶರಣನ ಬಾಗಿಲಿಗೆ ಬಂದಿದ್ದ. ಏನು ಬೇಕು ಸ್ವಾಮಿ ಎಂದು ಶರಣ ಕೈಮುಗಿದು ಕೇಳಿದ. ಗುಡಿಯೆಲ್ಲ ನಿಶ್ಶಬ್ದ. ಸಾವಿತ್ರಮ್ಮ ಬೆರಳು ತಟ್ಟಿದರು. ಕಿವಿಗೆ ಬಂದದ್ದನ್ನು ನಾಲಿಗೆ ತನ್ನ ಪಾಡಿಗೆ ಎತ್ತಿಕೊಂಡಿತು:

"ಸಿಸ್ಟಂ ಅಪ್‌ಡೇಟ್ ಸಿದ್ಧವಾಗಿದೆ... ಈಗಲೇ ಸ್ಥಾಪಿಸಿ..."

ಹಾಡಿದ್ದೇನೆಂದು ಹೊಳೆದು ಸಾವಿತ್ರಮ್ಮ ಅಲ್ಲೇ ನಿಲ್ಲಿಸಿದರು. ಮುಂದೆ ಕೂತಿದ್ದ ದ್ಯಾವಮ್ಮ ಮಾತ್ರ "ಶಿವ ಶಿವಾ" ಅಂದಳು ಭಕ್ತಿಯಿಂದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಿ, ಟೀಚರಮ್ಮ ಈ ಕಾಲದ ಮಾತಲ್ಲಿ ಹೇಳಿದ್ರು. ಹಳೇ ಮನಸ್ಸು ತೆಗೆದು ಹೊಸದನ್ನ ಸ್ಥಾಪಿಸ್ಕೋ ಅಂತಾನೆ ಜಂಗಮ. ಇಡೀ ಪುರಾಣ ಬಾಯಲ್ಲಿ ಇಟ್ಕೊಂಡು, ಮಧ್ಯ ತಮಾಷೆ ಬೇರೆ ಮಾಡ್ತಾರಲ್ಲ, ಏನು ಹೇಳೋಣ!"

ಜನ ಚಪ್ಪಾಳೆ ತಟ್ಟಿದರು. ಬೈದಿದ್ದರೆ ವಾಸಿಯಿತ್ತು.

ಸಾವಿತ್ರಮ್ಮ ಮನೆಗೆ ಬಂದವರೇ ಫೋನನ್ನು ಮಂಚದ ಮೇಲೆ ಎಸೆದರು. "ಎಷ್ಟು ಸಲ ಕಣೇ ಬೇಡ ಅನ್ನೋದು? ನಂತರ ನೆನಪಿಸಿ, ನಂತರ ನೆನಪಿಸಿ ಅಂತ ಒತ್ತಿ ಒತ್ತಿ ಬೆರಳು ಸವೀತು."

"ಅದೊಂದು ಮೆಸೇಜ್ ನಿಲ್ಸಕ್ಕಾಗಲ್ಲ ಅತ್ತೆ. ತರೀಕೆರೆ ಮೊಬೈಲ್ ಅಂಗಡಿ ಆನಂದನ್ನ ಕೇಳ್ದೆ. ಮಾಡ್ಸ್ಬಿಡಿ, ಬೆಣ್ಣೆ ತರ ಓಡುತ್ತೆ ಅಂದ." ಅಶ್ವಿನಿ ಫೋನು ಎತ್ತಿಕೊಂಡು ನೋಡಿದಳು. "ಇನ್ನೊಂದು ಬಂದಿದೆ. ನಾಳೆ ಮಧ್ಯಾಹ್ನದಿಂದ ಪುರಾಣದ ಆ್ಯಪ್ ಹಳೇ ಸಿಸ್ಟಮ್ಮಲ್ಲಿ ತೆರೆಯಲ್ವಂತೆ."

ಇನ್ನೂ ಹನ್ನೆರಡು ಸಂಧಿ ಬಾಕಿ ಇದ್ದವು.

ಸಾವಿತ್ರಮ್ಮ ಕಡೂರಿನ ಗೆಳತಿ ಮಾಲಿನಿಗೆ ಫೋನ್ ಹಚ್ಚಿಸಿದರು. ಅವಳಿಗೂ ಕಣ್ಣಿಲ್ಲ, ಹೋದ ತಿಂಗಳು ಅದೇ ಕಂಪನಿಯ ಫೋನಿಗೆ ಈ ಹೊಸ ಅಪ್‌ಡೇಟ್ ಹಾಕಿಸಿಕೊಂಡಿದ್ದಳು.

"ಹಾಕಿಸ್ಬೇಡಿ ಅಕ್ಕಾ," ಅಂದಳು ಮಾಲಿನಿ. "ದನಿಯೇ ಬದಲಾಗೋಯ್ತು. ಕೇಳಿ ಬೇಕಾದ್ರೆ."

ಹೊಸ ದನಿ ಒಂದು ಷಟ್ಪದಿ ಓದಿತು. ಸಾಲಿನ ನಡುವೆ ಉಸಿರೆಳೆದುಕೊಂಡಿತು. ಹ್ರಸ್ವವಾಗಿರಬೇಕಾದ ಅಕ್ಷರವನ್ನು ಮುದ್ದಾಗಿ ಎಳೆಯಿತು. ಹೆಂಗಸೊಬ್ಬಳು ಮಗನನ್ನು ಕಳೆದುಕೊಂಡು ಅಳುವ ಕಡೆ, ಸೀರೆ ಅಂಗಡಿಯ ಜಾಹೀರಾತಿನ ಹಾಗೆ ನಕ್ಕಿತು.

"ಅಯ್ಯೋ, ನಿಲ್ಸೇ! ಹಳೇದಕ್ಕೆ ವಾಪಸ್ ಹೋಗಕ್ಕಾಗಲ್ವಾ?"

"ಆಗಲ್ವಂತೆ. ನಾನೂ ಅತ್ತಾಯ್ತು."

ರಾತ್ರಿಯೆಲ್ಲ ಆ ನಗು ಕಿವಿಯಲ್ಲೇ ಉಳಿಯಿತು. ಹಾಕಿಸಿಕೊಂಡರೆ ಪುರಾಣ ಸಿಗುತ್ತದೆ, ಹಾಡಲಾಗದು. ಹಾಕಿಸದಿದ್ದರೆ ಹಾಡಬಹುದು, ಪುರಾಣವಿಲ್ಲ. ಎಂಥ ಪೀಡೆ ಗಂಟುಬಿತ್ತಲ್ಲಪ್ಪ ಶಿವನೇ ಎಂದು ಮಗ್ಗಲು ಬದಲಿಸಿದರು.

ಬೆಳಿಗ್ಗೆ ಅಶ್ವಿನಿ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು. ಅವಳ ಕೆಲಸ ತರೀಕೆರೆಯಲ್ಲಿ. ಸಂಜೆ ಅವಳ ಬಸ್ಸು ಬರುವಷ್ಟರಲ್ಲಿ ಪುರಾಣ ಮುಗಿದಿರುತ್ತಿತ್ತು. "ಒಂದು ಹೇಳಿ ಅತ್ತೆ. ಒತ್ಲಾ, ಬೇಡ್ವಾ?"

"ಬೇಡ."

"ಮತ್ತೆ ಸಂಜೆಗೆ?"

"ನೀ ಹೊರಡು, ಬಸ್ಸು ಹೋದೀತು. ಆ ದಪ್ಪ ಪುಸ್ತಕ ಕಪಾಟಲ್ಲಿದೆ, ತೆಗೆದು ಕೊಟ್ಟು ಹೋಗು."

ಸಂಜೆ ಪುಸ್ತಕ ಎದೆಗವಚಿಕೊಂಡು ಅವರು ಗುಡಿಗೆ ಬೇಗ ಬಂದರು. ಮೇಷ್ಟ್ರ ಹೆಜ್ಜೆ ಸಪ್ಪಳ ಕೇಳಿದ್ದೇ, ಸುತ್ತಿ ಬಳಸದೆ ಇದ್ದದ್ದನ್ನೆಲ್ಲ ಹೇಳಿದರು.

ಮೇಷ್ಟ್ರು ಟವೆಲು ಕೊಡವಿದ ಸದ್ದು ಕೇಳಿತು.

"ಹಂಗಾರೆ ಆರು ಶ್ರಾವಣ ನಾನು ಹೊಗಳಿದ್ದು ಫೋನನ್ನ?"

"ನೀವು ಹೊಗಳಿದ್ರಿ, ನಾನು ಸುಮ್ಮನಿದ್ದೆ. ತಪ್ಪು ನಂದೇ ಮೇಷ್ಟ್ರೇ. ಇವತ್ತು ಜನಕ್ಕೆ ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತು ಅರ್ಧರ್ಧ ಸಾಲು ಓದಿ, ಸಾಕು."

"ನಿಮಗೆ ಫೋನಾಗಿ ಕೂತ್ಕೋ ಅಂತೀರಿ."

"ಹಂಗೇ ಅಂದ್ಕೊಳ್ಳಿ."

ಜನ ಸೇರಿದ ಮೇಲೆ ಸಾವಿತ್ರಮ್ಮ ಎದ್ದು ನಿಂತು ಹೇಳಿಯೇಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಅದಕ್ಕೇ ನಿನ್ನೆ ಅಪ್‌ಡೇಟ್ ಬಂದಿದ್ದು!" ಅಂದಿತು ಒಂದು ಗಂಡು ದನಿ. "ಸುಮ್ನಿರ್ಲಾ, ಹಾಡಿದ್ದು ಅವ್ರೇ ತಾನೆ," ಎಂದು ದ್ಯಾವಮ್ಮ ಗದರಿಸಿದಳು. ಸಾವಿತ್ರಮ್ಮನ ಮುಖ ಬಿಸಿಯಾಗಿತ್ತು. ಬರಿದಾದ ಬಲಗಿವಿಗೆ ಸಂಜೆಯ ಗಾಳಿ ತಾಕುತ್ತಿತ್ತು. ಕೂತರು.

ಮೇಷ್ಟ್ರು ಪುಟ ತಿರುವಿದರು. ಸಾವಿತ್ರಮ್ಮನಿಗೆ ಒಳಗೊಳಗೇ ಭಯ. ಮೇಷ್ಟ್ರು ಒಂದು ಮದುವೆ ಕಾಗದ ಓದಿದರೂ ಕಣ್ಣಲ್ಲಿ ನೀರು ತರಿಸುವವರು. ಅವರು ಭಾವ ತುಂಬಿ ಓದತೊಡಗಿದರೆ, ಮಾಲಿನಿಯ ಫೋನಿಗೂ ಇವರಿಗೂ ಏನು ವ್ಯತ್ಯಾಸ?

ಮೊದಲ ಅರ್ಧ ಸಾಲು ಬಂತು. ಎರಡನೆಯದೂ ಬಂತು. ಮೇಷ್ಟ್ರಿಗೆ ಸಿಟ್ಟು ಎಷ್ಟಿತ್ತೆಂದರೆ, ಹಲ್ಲು ಕಚ್ಚಿಕೊಂಡು, ಒಂದೊಂದೇ ಶಬ್ದವನ್ನು ನೆಲಕ್ಕೆ ಎಸೆದ ಹಾಗೆ ಓದುತ್ತಿದ್ದರು. ಏರಿಲ್ಲ, ಇಳಿತವಿಲ್ಲ, ಎಲ್ಲೂ ಎಳೆತವಿಲ್ಲ. ಇಷ್ಟು ಒಣಗಿದ ಓದನ್ನು ಸಾವಿತ್ರಮ್ಮ ಜನ್ಮದಲ್ಲಿ ಕೇಳಿರಲಿಲ್ಲ.

ಅವರು ತಡಮಾಡದೆ ದನಿ ಎತ್ತಿದರು. ಶರಣನ ಹೆಂಡತಿ ಗಡಿಗೆಯ ತಳದ ಕೊನೆಯ ಹಿಡಿ ನವಣೆ ತೆಗೆದು ಜಂಗಮನಿಗೆ ಅಂಬಲಿ ಕಾಯಿಸುವ ಹೊತ್ತಿಗೆ ಹಿಂದಿನ ಸಾಲಿನ ನಗುವೂ ಅಡಗಿತ್ತು. ಪದ್ಯ ಮುಗಿದರೂ ಮೇಷ್ಟ್ರು ಅರ್ಥಕ್ಕೆ ಬಾಯಿ ತೆರೆಯಲಿಲ್ಲ. ಮುನಿಸಿನಲ್ಲೇ ಮುಂದಿನ ಅರ್ಧ ಸಾಲು ಎಸೆದರು. ಈಶ್ವರಾ, ಪುರಾಣ ಮಂಗಳ ಆಗುವವರೆಗೆ ಈ ಮನುಷ್ಯನ ಸಿಟ್ಟು ಇಳಿಸಬೇಡ ಎಂದು ಮನಸ್ಸಿನಲ್ಲೇ ಕೈಮುಗಿದು, ಸಾವಿತ್ರಮ್ಮ ಅದನ್ನು ರಾಗಕ್ಕೆ ಎತ್ತಿಕೊಂಡರು.