ಅರ್ಧ ಹೆಜ್ಜೆ

"ಅಕ್ಕಾ, ಸೇತುವೆ ಮೇಲೆ ಸಿಕ್ಕಾಕ್ಕೊಂಡಿದ್ದೀನಿ. ವಾಪಸ್ ಇಳಿದುಬಿಡ್ಲಾ?"

ತಮ್ಮನ ಫೋನು. ರೈಲ್ವೆ ನಿಲ್ದಾಣದ ಮೈಕಿನ ಮುಂದೆ ಕೂತು ರೈಲುಗಳ ಪ್ರಕಟಣೆ ಮಾಡುವುದು ಅವಳ ಕೆಲಸ. ಕಿಟಕಿಯಾಚೆ ಹಳಿ ದಾಟುವ ಸೇತುವೆ ಕಾಣುತ್ತಿತ್ತು. ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ.

"ಇಳಿಯೋಕೆ ಹೋಗಿ ತುಳಿಸ್ಕೋಬೇಡ ಪುಟ್ಟಾ. ಪಕ್ಕದ ಕಂಬಿ ಗಟ್ಟಿಯಾಗಿ ಹಿಡ್ಕೊಂಡು ಅಲ್ಲೇ ನಿಂತ್ಕೋ. ಈಗ ಕರಗುತ್ತೆ."

"ಅಪ್ಪಣೆ ಮಹಾರಾಣಿ," ಎಂದು ನಕ್ಕು ಫೋನಿಟ್ಟ. ಮೀಸೆ ಬಂದರೂ ಅಕ್ಕನ ಮಾತು ಮೀರದ ಪ್ರಾಣಿ ಅವನು.

ಅಷ್ಟರಲ್ಲಿ ಸ್ಟೇಷನ್ ಮಾಸ್ಟರ್ ಬಂದರು. "ರೈಲು ಎರಡಕ್ಕಲ್ಲ, ಐದನೇ ಪ್ಲಾಟ್‌ಫಾರಂಗೆ ಬರ್ತಿದೆ. ಬೇಗ ಹೇಳಮ್ಮ."

"ಸಾರ್, ಸೇತುವೆ ಮೇಲೆ ಆಗಲೇ ಜನ..."

"ದಿನಾ ಇದ್ದದ್ದೇ ಬಿಡು. ಓಡ್ತಾರೆ, ಹತ್ಕೋತಾರೆ."

ಅವಳು ಹೇಳಿದಳು. ಎರಡು ಸಲ, ಎಂದಿನಂತೆ ಇಂಪಾಗಿ. ಎರಡನೇ ಪ್ಲಾಟ್‌ಫಾರಮ್ಮಿನಲ್ಲಿ ಕೂತಿದ್ದವರೆಲ್ಲ ಗಂಟುಮೂಟೆ ಎತ್ತಿಕೊಂಡು ಮೆಟ್ಟಿಲಿಗೆ ಮುಗಿಬಿದ್ದರು. ಆಚೆ ತುದಿಯಿಂದ ಇನ್ನೊಂದು ರೈಲಿನವರು ಹತ್ತಿ ಬರುತ್ತಲೇ ಇದ್ದರು.

ನಡೆಯುವ ಜನರ ತಲೆಗಳು ಮೇಲೆ ಕೆಳಗೆ ಕುಣಿಯುತ್ತವೆ. ಈ ಕಿಟಕಿಯಿಂದ ಅದನ್ನು ವರ್ಷಗಟ್ಟಲೆ ನೋಡಿದ್ದಳು. ಈಗ ಆ ಕುಣಿತ ನಿಂತಿತು. ಅಷ್ಟೂ ತಲೆಗಳು ಒಟ್ಟಿಗೆ ಎಡಕ್ಕೆ ವಾಲಿದವು, ಒಟ್ಟಿಗೆ ಬಲಕ್ಕೆ ವಾಲಿದವು. ಯಾರೂ ಬೇಕೆಂದು ತಳ್ಳಲಿಲ್ಲ. ಒಬ್ಬೊಬ್ಬರೂ ಅರ್ಧ ಹೆಜ್ಜೆ ಮುಂದಿಟ್ಟಿದ್ದರು, ಅಷ್ಟೆ. ಆ ಅರ್ಧ ಹೆಜ್ಜೆಗಳೆಲ್ಲ ಸೇರಿ, ಸರಿಯಲು ಜಾಗವಿಲ್ಲದ ಕಡೆ, ಕಂಬಿಯ ಬದಿಯಲ್ಲಿ, ಒತ್ತಿ ನಿಂತಿದ್ದವು. ಅವಳು ಮತ್ತೆ ಮೈಕು ಎಳೆದುಕೊಂಡಳು.

"ಹಿಂದಿರೋರು ನಿಂತ್ಕೊಳ್ಳಿ! ದಮ್ಮಯ್ಯ ಅಂತೀನಿ, ಹತ್ತಬೇಡಿ!"

ಐದರಲ್ಲಿ ರೈಲು ಕೂಗಿತು. ಕೆಳಗಿದ್ದವರು ರೈಲಿನ ಮಾತು ಕೇಳಿದರು.

"ಪುಟ್ಟಾ, ಕಂಬಿ ಬಿಡೋ! ಬಿಟ್ಟು ಬಾರೋ!"

ಇಡೀ ನಿಲ್ದಾಣಕ್ಕೆ ಕೇಳಿಸಿತು. ಬರಲು ಅವನಿಗೆ ದಾರಿಯಿರಲಿಲ್ಲ.

ಪೊಲೀಸರು ಕೆಳಗಿನ ಗೇಟು ಮುಚ್ಚಿಸಿದ ಮೇಲೆ ಗುಂಪು ಹಿಂದಿನಿಂದ ಬಿಚ್ಚಿಕೊಂಡಿತು. ಎಷ್ಟು ಸಲೀಸಾಗಿ ಬಿಚ್ಚಿಕೊಂಡಿತೆಂದರೆ, ನೋಡಿದರೆ ಹೊಟ್ಟೆ ಉರಿಯಬೇಕು. ಅವಳು ಎದ್ದುಬಿದ್ದು ಮೆಟ್ಟಿಲು ಹತ್ತಿದಳು.

"ದಾರಿ ಬಿಡ್ರಪ್ಪಾ, ಅವರ ತಮ್ಮನಂತೆ," ಎಂದರು ಯಾರೋ.

ಜನ ತಟ್ಟನೆ ಎರಡೂ ಬದಿಗೆ ಸರಿದರು. ಒಬ್ಬರ ಮೈಯೂ ಅವಳಿಗೆ ತಾಗಲಿಲ್ಲ. ತಮ್ಮನ ಕೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

"ನಾನೇ ಹೇಳಿದ್ದು," ಎಂದಳು. "ನಾನೇ ಅಲ್ಲಿ ನಿಲ್ಲಿಸಿದ್ದು."

ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಚಾಚಿ ಕೂತಳು. ಸುತ್ತ ಇನ್ನೂ ಹತ್ತು ಜನ ಕೂರುವಷ್ಟು ಜಾಗವಿತ್ತು.